ಕೊಳವೆಯ ಹೊರಗೆ ಹರಿದ ನೀರು

ಟಿಕೋಟಾದ ಕುಸುಬಿ ಎಣ್ಣೆ ಗಿರಣಿಯ ಈ ಕಥೆಯನ್ನು ಮೂವರ ಬಾಯಲ್ಲಿ ಕೇಳಿದ್ದೇನೆ. ಇದು ಬಬಲೇಶ್ವರದ ರಾಜಬಿ ಹೇಳಿದ ಬಗೆ. ಕಥೆಯ ಪೀರಸಾಬ ಆಕೆಯ ಗಂಡ.

೧೯೭೪ರ ಸುಮಾರು. ಗಿರಣಿಯ ಎಣ್ಣೆಯನ್ನು ಬಿಸಿಯಾಗಿಯೇ ಡಬ್ಬಿಗೆ ತುಂಬಿದರೆ ಬೇಗ ಕಮಟು ಹಿಡಿಯುತ್ತಿತ್ತು. ಅದನ್ನು ತಣಿಸುವ ಯಂತ್ರಕ್ಕಾಗಿ ಯಜಮಾನ ಶಿವಯೋಗೆಪ್ಪ, ಗಾಂಧಿ ಚೌಕದ ಹಿಂದೆ ತಾಮ್ರದ ಕೆಲಸ ಮಾಡುತ್ತಿದ್ದ ಪೀರಸಾಬನನ್ನು ಕರೆಸಿದ. ಪೀರಸಾಬ ಹದಿನೈದು ದಿನ ಕೂತು ನಕಾಶೆ ಬರೆದ: ಕಬ್ಬಿಣದ ಉದ್ದನೆಯ ಪೀಪಾಯಿ, ಅದರೊಳಗೆ ನಲವತ್ತೆಂಟು ತಾಮ್ರದ ಕೊಳವೆ, ಕೊಳವೆಗಳೊಳಗೆ ಬಾವಿಯ ನೀರು, ಅವುಗಳ ಸುತ್ತ ಬಿಸಿ ಎಣ್ಣೆ.

ಬರೆಯುವ ಮೊದಲು ಆ ನೀರಿನಲ್ಲಿ ರಾಜಬಿಯಿಂದ ತೊಗರಿ ಬೇಳೆ ಇಡಿಸಿ ನೋಡಿದ್ದ. ಮಧ್ಯಾಹ್ನವಾದರೂ ಬೇಳೆ ಬೇಯಲಿಲ್ಲ. ಪಾತ್ರೆಯೊಳಗೆ ಬಿಳಿಯ ಪದರು ಕಟ್ಟಿತು. ಅಂಥ ಗಡಸು ನೀರು ಕೊಳವೆಯೊಳಗೆ ಹರಿದರೆ ಮುಚ್ಚಳ ತೆಗೆದು ಸಲಾಕೆಯಿಂದ ಕೆರೆಯಬಹುದು. ಹೊರಗೆ ಹರಿದರೆ ಕೊಳವೆಗಳ ಸಂದಿಗೆ ಯಾವ ಸಲಾಕೆಯೂ ಹೋಗದು.

ಯಜಮಾನನ ಅಳಿಯ ಗುರಲಿಂಗಪ್ಪ ಡಿಪ್ಲೊಮಾ ಓದಿದವನು. ಆ ನಕಾಶೆಯ ಪ್ರತಿ ಮಾಡಿಸಿ ಕೆಳಗೆ ತನ್ನ ಹೆಸರು ಹಾಕಿದ. ತನ್ನದೆನಿಸಲೆಂದು ಒಂದನ್ನು ಮಾತ್ರ ಬದಲಿಸಿದ: ಎಣ್ಣೆ ಒಳಗೆ, ನೀರು ಹೊರಗೆ.

"ಇದು ನನ್ನ ನಕಾಶಿ ಅಲ್ರೀ, ಸಾಹೇಬ್ರ?" ಎಂದ ಪೀರಸಾಬ, ಗಿರಣಿಯ ಜನರೆದುರು.

"ನೀ ತಾಮ್ರ ಬಡಿಯಾಂವ ಲೇ. ನಕಾಶಿ ನಿನಗ ಹ್ಯಾಂಗ ತಿಳೀತೈತಿ? ಬರದಂಗ ಮಾಡು."

ಜನ ನಕ್ಕರು. ಕಂಡ ದೋಷವನ್ನು ಕುಲುಮೆ ಹೊತ್ತಿಸುವ ಮೊದಲೇ ಯಜಮಾನನಿಗೆ ಹೇಳಬೇಕೆಂಬುದು ಪೀರಸಾಬ ಕೆಲಸ ಕಲಿತ ಮನೆತನದ ಕಟ್ಟಳೆ. ಅವನು ಹೇಳಲಿಲ್ಲ.

"ನೀರಿಂದು ಹೇಳಿದ್ರೇನು?" ಎಂದು ರಾಜಬಿ ಕೇಳಿದಳು.

"ಬರದಂಗ ಮಾಡಂದಾನ. ಮಾಡಾಕತ್ತೇನಿ."

ತನ್ನ ಕೈಯ ಮೇಲೆ ದೂರು ಬರಬಾರದೆಂದು ಒಂದು ಬೆಸುಗೆಯೂ ಸೋರದಂತೆ ಮಾಡಿದ. ಜೀವಮಾನದಲ್ಲಿ ಅಷ್ಟು ಅಚ್ಚುಕಟ್ಟಾಗಿ ಇನ್ನೊಂದನ್ನು ಮಾಡಲಿಲ್ಲವಂತೆ.

ಎರಡು ತಿಂಗಳು ಎಣ್ಣೆ ತಣ್ಣಗೆ ಬಂತು. ನಾಲ್ಕನೆಯ ತಿಂಗಳಿಗೆ ಒಳಗೆ ಹೋದಷ್ಟೇ ಬಿಸಿಯಾಗಿ ಹೊರಬಂತು. ಸೊಲ್ಲಾಪುರಕ್ಕೆ ಕಳಿಸಿದ ಡಬ್ಬಿಗಳು ಕಮಟು ಹಿಡಿದು ಹಿಂದಿರುಗಿದವು. ಪೀಪಾಯಿ ಕೊಯ್ದು ನೋಡಿದರೆ ಕೊಳವೆಗಳ ನಡುವೆ ಬಿಳಿಯ ಕಲ್ಲು ತುಂಬಿತ್ತು. ಮಾವ ಅಳಿಯನೊಡನೆ ಮಾತು ಬಿಟ್ಟ. ಅಳಿಯ ಪೀರಸಾಬನ ಅಂಗಡಿಗೆ ಬಂದ.

"ನಿನಗ ಮೊದಲ ಗೊತ್ತಿತ್ತಲ್ಲ?"

"ಗೊತ್ತಿತ್ರಿ."

"ಹೇಳಬೇಕಿಲ್ಲೇನು?"

"ತಾಮ್ರ ಬಡಿಯಾಂವ ಏನ್ ಹೇಳ್ಲಿರಿ? ನಕಾಶಿ ಯಾರದು ಅನ್ನೂದನ್ನ ಗಿರಣಿ ಮಂದಿ ಮುಂದ ಹೇಳ್ರಿ. ಆಮ್ಯಾಲ ನೋಡೂಣು."

ಗುರಲಿಂಗಪ್ಪ ಗಿರಣಿಯ ಜನರೆದುರು ಮಾವನನ್ನೂ ನಿಲ್ಲಿಸಿಕೊಂಡು, ನಕಾಶೆ ಪೀರಸಾಬನದೆಂದು ತಲೆ ತಗ್ಗಿಸಿ ಹೇಳಿದ.

"ಹಿಂದಿನವ್ರಿಗೆ ಕೇಳ್ಸಿಲ್ರಿ," ಎಂದ ಪೀರಸಾಬ. ಇನ್ನೊಮ್ಮೆ ಹೇಳಿಸಿದ.

ಆಮೇಲೆ ಅವನು ಹೊಸ ಯಂತ್ರ ಮಾಡಿಕೊಟ್ಟನೆಂದು ಇದೇ ಕಥೆ ಹೇಳಿದ ಹೊನವಾಡದವರೊಬ್ಬರು ಮುಗಿಸುತ್ತಾರೆ. ರಾಜಬಿ ಅದನ್ನು ಒಪ್ಪಲಿಲ್ಲ.

"ಹೋಗಲೇ ಇಲ್ರಿ. ಕರಿಯಾಕ ಗಿರಣಿ ಯಜಮಾನ್ರ ಖುದ್ದ ಬಂದ್ರು. ಕೈತುಂಬ ಕೆಲಸ ಐತಿ ಅಂದ್ರು ಇವ್ರು. ಎಲ್ಲಿ ಕೆಲಸರಿ? ಕಟ್ಟಿ ಮ್ಯಾಲ ಬೀಡಿ ಸೇದಕೋತ ಕುಂತಿದ್ರು."