ಲಸ್ಸಾದನ ಹಲ್ಲುಸೆಟ್ಟು

ಹಗ್ಗ ತಣ್ಣಗಿದೆ, ಪಾಚಿಯ ಜಾರಿಕೆ ಅಂಗೈಗೆ ಹತ್ತುತ್ತಿದೆ, ಎಳೆದರೆ ಹಗುರ — ಆಕ್ಟೋಪಸ್ ಹೊಕ್ಕು ಕೂರಲೆಂದು ತಳಕ್ಕಿಳಿಸಿದ್ದ ಮೊದಲ ಗಡಿಗೆ ಖಾಲಿ, ಇರಲಿ, ನೀರು ಚೆಲ್ಲಿ ಮತ್ತೆ ಇಳಿಬಿಟ್ಟರಾಯಿತು, ಖಮೈಸ್‌ಗೆ ಈಗ ಅವಸರವಿಲ್ಲ, ಅವಸರವಿದ್ದದ್ದು ಬೆಳಗ್ಗೆ, ಲಸ್ಸಾದನನ್ನು ಮನೆಯಿಂದ ಹೊರಡಿಸುವಾಗ, ಈಗ ಆಸಾಮಿ ದೋಣಿಯೊಳಗಿದ್ದಾನಲ್ಲ, ಇಳಿದು ಓಡುವುದಾದರೂ ಎಲ್ಲಿಗೆ, ಸುತ್ತ ಎದೆಮಟ್ಟದ ನೀರು, ಅವನಿಗೆ ಮಂಡಿನೋವು ಬೇರೆ — ಮಂಡಿನೋವಂತೆ, ಯಾರ ಹತ್ತಿರ ಹೇಳುತ್ತಾನೆ ಈ ಕಥೆ, ನೋವಿರುವುದು ಮಂಡಿಯಲ್ಲಲ್ಲ, ಬಾಯಿಯಲ್ಲಿ, ಅದೂ ನೋವಲ್ಲ, ನಾಚಿಕೆ. ಸ್ಫಾಕ್ಸ್ ಪಟ್ಟಣದ ದಂತವೈದ್ಯ ಉಳಿದಿದ್ದ ಹಲ್ಲನ್ನೆಲ್ಲ ಕಿತ್ತು ಹಲ್ಲುಸೆಟ್ಟು ಕೊಟ್ಟು ಕಳಿಸಿದ ಮೇಲೆ ಕಾಫಿಯಂಗಡಿಗೆ ಒಂದೇ ಒಂದು ಸಲ ಬಂದ, ಯಾರೋ ಕಾಲೆಳೆದರು, ಏನ್ ಲಸ್ಸಾದ್, ಇನ್ಮೇಲೆ ಆಕ್ಟೋಪಸ್ಸೇ ನಿನ್ನ ಕಚ್ಚುತ್ತೆ ಬಿಡು ಅಂತ, ಎಲ್ಲರೂ ನಕ್ಕರು, ಅವನೂ ನಗಲು ಹೋದ, ಮೇಲಿನ ಸಾಲು ಕಳಚಿ ಲೋಟಕ್ಕೆ ಬಿತ್ತು, ಅಂದಿನಿಂದ ಬಾಯಿಗೆ ಕೈ ಅಡ್ಡ, ಕೈ ಇಲ್ಲದಿದ್ದರೆ ಮಫ್ಲರು, ನಗು ಅಂತೂ ಇಲ್ಲವೇ ಇಲ್ಲ. ಹಬ್ಬ ಮುಗಿದ ಕೂಡಲೇ ದೋಣಿಯ ನನ್ನ ಪಾಲು ಮಾರಿಬಿಡು, ನಾನು ಸ್ಫಾಕ್ಸ್‌ಗೆ ಮಗಳ ಮನೆಗೆ ಹೋಗಿ ಇದ್ದುಬಿಡ್ತೀನಿ ಎಂದು ಹೇಳಿ ಕಳಿಸಿದ್ದಾನೆ, ಅದೂ ಹೆಂಡತಿಯ ಬಾಯಲ್ಲಿ, ಮೀಸೆ ಮೂಡುವ ಮೊದಲಿನಿಂದ ಒಂದೇ ದೋಣಿಯಲ್ಲಿ ಕೂತವನು ಹೀಗೆ ಹೇಳಿ ಕಳಿಸುತ್ತಾನೆ — ಖಮೈಸ್‌ಗೆ ಆ ದಿನ ಸಿಟ್ಟು ಬಂತು, ಆಮೇಲೆ ಅಳು ಬಂತು, ಆಮೇಲೆ ಹಠ ಬಂತು, ಹಠವೇ ವಾಸಿ, ಅದರಿಂದ ಏನಾದರೂ ಕೆಲಸವಾಗುತ್ತದೆ.

ಎರಡನೆಯದೂ ಖಾಲಿ, ಒಳಗೆ ಒಂದು ಸಣ್ಣ ಏಡಿ, ಹೋಗಪ್ಪ ಹೋಗು. ಬಿಸಿಲು ಈಗಷ್ಟೇ ನೀರಿನ ತಳ ಮುಟ್ಟುತ್ತಿದೆ, ಕಡಲಹುಲ್ಲಿನ ಕಪ್ಪು, ಮರಳಿನ ಬಿಳುಪು, ಸದ್ದಿಲ್ಲ, ಈ ಸದ್ದಿಲ್ಲದಿರುವುದೇ ಎಷ್ಟು ಸುಖ, ಇಬ್ಬರಿದ್ದರೆ ಮಾತ್ರ ಸುಖ ಅನ್ನುವುದು ಈ ನಡುವೆ ಒಬ್ಬನೇ ಬಂದಾಗ ತಿಳಿಯಿತು, ಒಬ್ಬನೇ ಕೂತರೆ ಅದೇ ಕಡಲು ಕಿವಿಗೆ ರಾಚುತ್ತದೆ. ಬೆಳಗ್ಗೆ ಬಾಗಿಲು ತೆರೆದದ್ದು ಅವನ ಹೆಂಡತಿ ಮಬ್ರೂಕಾ, ಕರ್ಕೊಂಡ್ ಹೋಗಣ್ಣ, ದಿನವೆಲ್ಲ ಗೋಡೆ ನೋಡ್ಕೊಂಡು ಕೂತಿರ್ತಾರೆ, ಊಟಕ್ಕೂ ನನಗೆ ಬೆನ್ನು ಹಾಕ್ತಾರೆ, ಕುಸ್ಕುಸ್‌ನ ಗಂಜಿ ಮಾಡ್ಕೊಡು ಅಂತಾರೆ, ಕುಸ್ಕುಸ್‌ನ ಗಂಜಿ ಅಂತೆ, ರವೆ ಉದುರುದುರಾಗಿರಬೇಕಾದ್ದು, ನಮ್ಮತ್ತೆ ಕೇಳಿದ್ರೆ ಏನಂದುಕೊಳ್ತಿದ್ರು ಎಂದು ಕಣ್ಣೊರೆಸಿಕೊಂಡಳು, ಒಳಗಿಂದ ಲಸ್ಸಾದ್ ಮಫ್ಲರಿನೊಳಗೇ ಗೊಣಗಿದ, ಜಪ್ಪಯ್ಯ ಅಂದರೂ ಬರಲ್ಲ ಎಂದ, ಖಮೈಸ್ ಹೊಸ್ತಿಲ ಮೇಲೆ ಕೂತ, ಕೂತೇ ಇದ್ದ, ಕೊನೆಗೆ ಲಸ್ಸಾದನೇ ಚಪ್ಪಲಿ ಹುಡುಕಿದ. ದೋಣಿ ದೂರ ಬಂದ ಮೇಲೆ ಕೇಳಿದ ಮೊದಲ ಮಾತು, ಚಾಕು ತಂದಿದ್ದೀಯ ತಾನೇ, ಖಮೈಸ್ ಮರೆತೆ ಎಂದ, ಮರೆತದ್ದಲ್ಲ, ಬೇಕೆಂದೇ ಅಡುಗೆಮನೆಯ ಕಪಾಟಿನಲ್ಲಿಟ್ಟು ಬಂದದ್ದು. ಈಗಿನ ಹುಡುಗರೆಲ್ಲ ಚಾಕುವಿನಲ್ಲೇ ಕೊಲ್ಲುವುದು, ಲಸ್ಸಾದ್ ಅವರನ್ನು ಕಂಡರೆ ಛೇಡಿಸುತ್ತಿದ್ದ, ದೇವರು ಬಾಯಿ ಕೊಟ್ಟಿಲ್ವೇನ್ರೋ ಅಂತ, ಅವನದು ಅಜ್ಜನ ಕಾಲದ ರೀತಿ, ಗಡಿಗೆಯಿಂದ ತೆಗೆದವನೇ ಆಕ್ಟೋಪಸ್ಸಿನ ಎರಡು ಕಣ್ಣುಗಳ ನಡುವೆ ಒಂದು ಕಚ್ಚು, ಮುಗಿಯಿತು, ಕೈಕಾಲೆಲ್ಲ ಸಡಿಲ. ಖಮೈಸ್ ಮೊದಲ ವರ್ಷ ಕಚ್ಚಲು ಹೋಗಿ ದೋಣಿ ತುಂಬ ವಾಂತಿ ಮಾಡಿಕೊಂಡಿದ್ದ, ಬೆನ್ನು ನೀವಿದವನು ಲಸ್ಸಾದ್, ಹಗ್ಗ ನಿಂದು, ಬಾಯಿ ನಂದು, ಆಯ್ತಾ ಎಂದ, ಅಲ್ಲಿಂದ ಇಲ್ಲಿವರೆಗೆ ಅದೇ ಒಪ್ಪಂದ, ಮದುವೆಗಳಾದವು, ಮಣ್ಣು ಕೊಟ್ಟದ್ದಾಯಿತು, ಒಪ್ಪಂದ ಮುರಿಯಲಿಲ್ಲ — ಚಾಕು ಬಿಟ್ಟು ಬಂದು ನಾನು ಏನು ಮಾಡಬೇಕೆಂದಿದ್ದೇನೆ, ಅದು ಖಮೈಸ್‌ಗೇ ಸ್ಪಷ್ಟವಿಲ್ಲ, ಇಂದು ಇವನು ಮೊದಲಿನಂತಾಗದೆ ದಡಕ್ಕೆ ಹೋಗುವುದಿಲ್ಲ, ಅಷ್ಟು ಮಾತ್ರ ಸ್ಪಷ್ಟ.

ಭಾರ. ಹಗ್ಗ ಭಾರ, ಒಳಗೆ ಇದೆ, ಗಡಿಗೆ ಮೇಲೆ ಬರುವಷ್ಟರಲ್ಲಿ ಕಂದು ಬಣ್ಣದ ಒಂದು ತೋಳು ಅಂಚಿನಲ್ಲಿ ಹೊರಗೆ ತಡಕುತ್ತಿದೆ, ಒಳ್ಳೆಯ ಗಾತ್ರದ್ದು, ಲಸ್ಸಾದನ ಕೈ ತಾನಾಗಿಯೇ ಮುಂದೆ ಬಂದು ಅದನ್ನು ಎಳೆದುಕೊಂಡಿತು, ಎಷ್ಟು ವರ್ಷದ ರೂಢಿ, ಬಾಯಿಯವರೆಗೂ ಒಯ್ದ, ಮಫ್ಲರು ತಡೆಯಿತು, ಅಲ್ಲೇ ನಿಂತ, ಮುಖ ಸಣ್ಣದಾಯಿತು, ಬಿಟ್ಟುಬಿಡೋಣ ಕಣೋ ಎಂದ, ನೀರಿಗೇ ಬಿಟ್ಟುಬಿಡು, ಪಾಲು ಯಾರಿಗಾದ್ರೂ ಕೊಡು, ಹಲ್ಲಿರೋನಿಗೆ ಕೊಡು. ಖಮೈಸ್ ಹಗ್ಗ ಕೆಳಗಿಟ್ಟ, ಇವನನ್ನು ಬಿಟ್ಟು ಬೇರೆ ಯಾರ ಜೊತೆ ಮುದುಕನಾಗಲಿ ನಾನು, ಕೊಡು ಇಲ್ಲಿ ಎಂದ, ಕಿತ್ತುಕೊಂಡ, ಕಚ್ಚಿದ — ಉಪ್ಪು, ರಬ್ಬರು, ಲೋಳೆ, ಕಚ್ಚಿದ್ದು ಎಲ್ಲೋ, ತೋಳೊಂದು ಮೂಗಿಗೆ ಅಂಟಿತು, ಇನ್ನೊಂದು ಕಿವಿಗೆ, ಗಡ್ಡದ ತುಂಬ ಕಪ್ಪು ಮಸಿ, ಅಲ್ಲಲ್ಲ ಎಂದು ಲಸ್ಸಾದ್ ಕೂಗುತ್ತಿದ್ದಾನೆ, ಹಲ್ಲುಸೆಟ್ಟು ಸಡಿಲವಾಗಿ ಮಾತು ಅಕ್ಷರ ಅಕ್ಷರವಾಗಿ ಜಾರುತ್ತಿದೆ, ಏನು ಹೇಳಿದನೋ ತಿಳಿಯದು, ಮತ್ತೆ ಕೂಗಿದ, ತಿಳಿಯಲಿಲ್ಲ, ಥೂ ಎಂದು ಮಫ್ಲರು ಕಿತ್ತೆಸೆದ, ಎರಡೂ ಸಾಲು ತೆಗೆದು ಹಲಗೆಯ ಮೇಲೆ ಇಟ್ಟ, ಈಗ ಸರಿಯಾಗಿ ಕೇಳಿತು, ಮೇಲೆ ಕಣೋ ಕತ್ತೆ, ಕಣ್ಣುಗಳ ಮಧ್ಯ, ಮೂಗು ಮುಚ್ಚಿಕೋ, ಕಚ್ಚು, ಇನ್ನೂ ಗಟ್ಟಿ, ಬಿಡಬೇಡ — ಕಟ್ಟೆಂದಿತು, ತೋಳುಗಳು ಒಂದೊಂದಾಗಿ ಮುಖ ಬಿಟ್ಟವು, ಖಮೈಸ್ ಉಗಿದ, ಕೆಮ್ಮಿದ, ಮಸಿಯ ನಡುವೆ ಒಂದು ಕಣ್ಣು ತೆರೆದು ನೋಡಿದ, ಲಸ್ಸಾದ್ ಎರಡು ಕೈಯಲ್ಲೂ ಹೊಟ್ಟೆ ಹಿಡಿದುಕೊಂಡಿದ್ದಾನೆ, ಎರಡು ಕೈಯೂ ಹೊಟ್ಟೆಯ ಮೇಲೆ, ಹಾಗಾದರೆ ಬಾಯಿಗೆ ಅಡ್ಡ ಏನೂ ಇಲ್ಲ, ಅವನು ನಗುತ್ತಿದ್ದಾನೆ, ಮುಂದಿನ ಗಡಿಗೆ ಎಳಿಯೋ ಎನ್ನುತ್ತಿದ್ದಾನೆ, ಹಗ್ಗ ಎಳೆಯಬೇಕು, ಎಳೆಯುತ್ತೇನೆ, ಒಂದು ನಿಮಿಷ ತಡಿ, ನೋಡಿಕೊಳ್ಳುತ್ತೇನೆ — ಆ ಬಾಯಿ, ಬಿಸಿಲಲ್ಲಿ ಅಗಲವಾಗಿ ತೆರೆದ ಬಾಯಿ, ಎಳೆಗೂಸಿನ ಹಾಗೆ ಬರೀ ವಸಡು, ನಸುಗೆಂಪು, ಒದ್ದೆ, ಆ ಬಾಯಿ.