ನಾನಿವ್ನಿ ಸಾಮಿ

ಸಭೆಯ ನಡುವೆ ಎಲ್ಲರ ಮೊಬೈಲೂ ಒಟ್ಟಿಗೆ ಟಿಣ್ ಎಂದವು.

'ಟ್ಯಾಂಕ್ ತುಂಬ್ತು ಸಾಮಿ. ಮೋಟ್ರು ಆಫ್ ಮಾಡಿವ್ನಿ. ನಾನಿವ್ನಿ, ನೀವ್ ಯೋಚ್ನೆ ಬುಡಿ.'

ನಗೆ ಎದ್ದಿತು. ಸಹಕಾರನಗರದ ಆ ಅಪಾರ್ಟ್‌ಮೆಂಟಿನ ನೀರಿನ ಮೋಟರಿಗೆ ಪ್ರೋಗ್ರಾಂ ಬರೆದವನು ಮೂರನೇ ಮಹಡಿಯ ಶಿವರಾಮ್. ಪ್ರೋಗ್ರಾಂ ತಾನು ಮಾಡಿದ್ದನ್ನೆಲ್ಲ ನಿವಾಸಿಗಳ ಟೆಲಿಗ್ರಾಂ ಗ್ರೂಪಿಗೆ ವರದಿ ಒಪ್ಪಿಸುತ್ತಿತ್ತು. 'ಪಂಪ್ ಆಫ್' ಎಂಬ ಒಣ ಲಾಗನ್ನು ಯಾರು ಓದುತ್ತಾರೆ? ಕಾಲೇಜಿನಲ್ಲೇ ಪ್ರಿನ್ಸಿಪಾಲರಿಂದ ಹಿಡಿದು ಕ್ಯಾಂಟೀನಿನವನವರೆಗೆ ಎಲ್ಲರನ್ನೂ ಅಣಕಿಸಿ ಹೆಸರಾದವನು, ಇಲ್ಲಿ ಅದುವರೆಗೆ ಮೋಟರು ಹಾಕಿ ಆರಿಸುತ್ತಿದ್ದ ವಾಚ್‌ಮನ್ ಮುನಿಆಂಜಿನಪ್ಪನ ಮಾತನ್ನೇ ಹಾಕಿಟ್ಟ. "ಲಾಗ್ ಬರಿಯೋ ಅಂದ್ರೆ ಲಾಗ ಹಾಕ್ತೀಯಲ್ಲೋ," ಎಂದಿದ್ದಳು ಹೆಂಡತಿ. ಮುದುಕನೂ ಬೊಚ್ಚುಬಾಯಿ ತೆರೆದು ನಕ್ಕಿದ್ದ: "ನನ್ ಬಾಯ್ನೇ ಕಿತ್ತು ಪೋನ್‌ಗೆ ಮಡಗವ್ರೆ!"

ಕಾರ್ಯದರ್ಶಿ ಅನಂತರಾಜು ಕೈಯೆತ್ತಿದರು. "ವಿಷ್ಯಕ್ಕೆ ಬರೋಣ. ಮುನಿಆಂಜಿನಪ್ಪ ಹೆಂಡ್ತೀನ ಆಸ್ಪತ್ರೆಗೆ ಸೇರ್ಸಿ ಒಂದ್ ವಾರ ಇಲ್ಲಿರ್ಲೇ ಇಲ್ಲ. ಯಾರ್ಗಾದ್ರೂ ಗೊತ್ತಾಯ್ತೇನ್ರೀ?"

ಒಬ್ಬೊಬ್ಬರ ಮುಖವನ್ನೂ ನೋಡಿ ಅವರೇ ಮುಂದುವರಿಸಿದರು.

"ನಿನ್ನೆ ಅವ್ನೇ ಬಂದ್ ಹೇಳ್ದಾಗ್ಲೇ ನಂಗೂ ಗೊತ್ತಾಗಿದ್ದು. ಗ್ರೂಪಲ್ಲಿ ದಿನಾ ಮಾತಾಡ್ತಾನೇ ಇದ್ನಲ್ಲ! ಅವ್ನನ್ನ ಬಿಡ್ಸಿ ಗೇಟಿಗೊಂದು ಕ್ಯಾಮೆರಾ ಹಾಕ್ಸಿದ್ರೆ ಮುಗೀತು. ಅವ್ರಿರೋ ಮೆಟ್ಲು ಕೆಳಗಿನ ರೂಮೂ ಖಾಲಿ ಆಗತ್ತೆ."

"ಸಾರ್, ಅದು ತಮಾಷೆಗೆ ಮಾಡಿದ್ದು," ಎಂದ ಶಿವರಾಮ್.

"ತಮಾಷೆ ಚೆನ್ನಾಗೇ ಕೆಲ್ಸ ಮಾಡ್ತಿದೆ ಗುರು. ಒಪ್ಪೋರು ಕೈಯೆತ್ತಿ."

ಒಂದೊಂದಾಗಿ ಕೈಗಳೆದ್ದವು. ಶಿವರಾಮನ ಕೈ ಏಳಲಿಲ್ಲ. ಊರಿನವರ ದನಿಯೆಲ್ಲ ಬರುತ್ತಿದ್ದವನಿಗೆ ಬೇಡವೆನ್ನಲು ತನ್ನದೇ ಹೊರಡಲಿಲ್ಲ.

ಭಾನುವಾರ ಗೂಡ್ಸ್ ಆಟೋ ಬಂತು. ಮುದುಕನ ಹೆಂಡತಿ ಮರಿಯಮ್ಮ ಕಂಬಳಿ ಹೊದ್ದು ಗಂಟುಗಳ ನಡುವೆ ಕೂತಿದ್ದಳು. ಶಿವರಾಮ್ ಸ್ಟೌವ್ ಎತ್ತಿಕೊಟ್ಟ.

"ಎಲ್ಲಿಗೆ ತಾತ?"

"ಶೆಟ್ಟಳ್ಳಿಗೆ ಸಾಮಿ. ಇವ್ಳ ತಮ್ಮನ ಮನೆ. ಅವ್ರೇ ಆರ್ ಜನ ಅವ್ರೆ. ಎಂಗೋ ಆಯ್ತದೆ."

"ತಾತ, ಗ್ರೂಪಲ್ಲಿ ಬರೋ ಆ ಮಾತನ್ನ ಇವತ್ತೇ ತೆಗೆದ್ಬಿಡ್ತೀನಿ."

"ಯಾಕ್ ಸಾಮಿ? ಇರ್ಲಿ ಬುಡಿ. ಮಕ್ಳು ಓದ್ಕಂಡ್ ನಗ್ತಾವೆ."

ಆಗ ಇಬ್ಬರ ಮೊಬೈಲೂ ಟಿಣ್ ಎಂದವು. ಶಿವರಾಮ್ ತನ್ನದನ್ನು ನೋಡಲಿಲ್ಲ. ಮುದುಕನೂ ನೋಡಲಿಲ್ಲ. ಆಟೋ ಹತ್ತಲು ಎತ್ತಿದ್ದ ಕಾಲನ್ನು ಇಳಿಸಿ, ಹಣೆಗೆ ಕೈ ಅಡ್ಡ ಹಿಡಿದು, ಟೆರೇಸಿನ ಟ್ಯಾಂಕಿನ ಕಡೆ ತಲೆಯೆತ್ತಿ ನಿಂತ. ಮೋಟರು ಹೊತ್ತಿಗೆ ಸರಿಯಾಗಿ ತಾನೇ ನಿಂತಿತ್ತು; ನೀರು ತುಂಬಿ ಹೊರಚೆಲ್ಲುವ ಪೈಪಿನ ಬಾಯಿ ಒಣಗಿತ್ತು.