ಪೂರ್ಣಗೊಂಡ ಮನೆಗಳ ಪಟ್ಟಿ

ಯಜ್ಞೇಶ್ವರ ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಕತೆ ಮುಗಿಯುವಷ್ಟರಲ್ಲಿ ನೀವು ಅವನಿಗೆ ಸರಿಯಾಗಿ ಬಯ್ಯುತ್ತೀರಿ. ಯಾವ ಆಫೀಸಿನ ಗುಮಾಸ್ತ ಅಂತ ಮಾತ್ರ ಕೇಳಬೇಡಿ ಮಾರಾಯ್ರೆ. ಸರಕಾರದ್ದೊಂದು ಆಫೀಸು, ಪೇಟೆಯಲ್ಲಿತ್ತು, ಅಷ್ಟು ಸಾಕು. ಬಡವರ ಮನೆಗೆ ಅಂತ ದಿಲ್ಲಿಯಿಂದ ಬರುವ ಅನುದಾನ ಆ ಆಫೀಸಿನ ಮೂಲಕ ಹೋಗಬೇಕಿತ್ತು. ಹೋದದ್ದು ಹೌದು, ಮನೆ ಎದ್ದದ್ದೂ ಹೌದು ಅಂತ ಪ್ರತಿ ವರ್ಷ ಮಾರ್ಚ್ ಮೂವತ್ತೊಂದರೊಳಗೆ ಮೇಲಕ್ಕೆ ವರದಿ ಕಳಿಸಬೇಕಿತ್ತು. ಆ ವರದಿ ಬರೆಯುವವನು ಯಜ್ಞೇಶ್ವರ. ಅವನ ಅಕ್ಷರ ನೋಡಿದರೆ ಓದುವ ಮೊದಲೇ ನಂಬಿಕೆ ಬರುತ್ತಿತ್ತು.

ಎಂಬತ್ತೆರಡನೇ ಇಸವಿಯಲ್ಲಿ ಕಡಬದ ಆಚೆ ಒಂದು ಬೋಳುಗುಡ್ಡೆಯಲ್ಲಿ ಹನ್ನೆರಡು ಮನೆ ಮಂಜೂರಾಯಿತು. ಅದರಲ್ಲಿ ಹನ್ನೆರಡನೆಯದು ವತ್ಸಮ್ಮನದ್ದು. ವತ್ಸಮ್ಮನ ಗಂಡ ಚಾಂಡಿ, ರಬ್ಬರ್ ಟ್ಯಾಪಿಂಗಿಗೆ ಅಂತ ಕೇರಳದಿಂದ ಬಂದವನು, ಯಾರದ್ದೋ ತೋಟದಲ್ಲಿ ಆರು ವರ್ಷ ದುಡಿದು ಒಂದು ಜ್ವರಕ್ಕೆ ನಾಲ್ಕೇ ದಿನದಲ್ಲಿ ಹೋಗಿಬಿಟ್ಟ. ಟ್ಯಾಪರ್ ಇಲ್ಲದ ಮೇಲೆ ಟ್ಯಾಪರನ ಕೋಣೆ ಯಾಕೆ ಅಂತ ತೋಟದವರು ಬಿಡಿಸಿದರು. ವತ್ಸಮ್ಮ ಇಗರ್ಜಿಯ ಹಿಂದಿನ ಶೆಡ್ಡಿನಲ್ಲಿ ಉಳಿದಳು, ಅಲ್ಲಿ ಒಬ್ಬರಿಗೆ ಮಾತ್ರ ಜಾಗ. ಮಗಳು ಲಾಲಿ, ಆರು ವರ್ಷದ್ದು, ಸಿಸ್ಟರುಗಳ ಹಾಸ್ಟೆಲಿಗೆ ಸೇರಿತು. ಮನೆಯಿಲ್ಲದ ಮಕ್ಕಳಿಗೆ ಅಂತಲೇ ಇದ್ದ ಹಾಸ್ಟೆಲು ಅದು. ಆದಿತ್ಯವಾರ ಪೂಜೆ ಮುಗಿದ ಮೇಲೆ ಒಂದು ಗಂಟೆ ತಾಯಿಗೆ ಮಗಳು ಸಿಗುತ್ತಿತ್ತು. ಆ ಒಂದು ಗಂಟೆ ವತ್ಸಮ್ಮ ಬೇರೆ ಎಂತದೂ ಮಾಡುತ್ತಿರಲಿಲ್ಲ, ಮಗಳ ತಲೆ ಬಾಚಿ ಜಡೆ ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು.

"ಹಂಚು ಹೊದೆಸಿದ ಮರುದಿನ ನಾನು ಅದನ್ನು ಕರ್ಕೊಂಡು ಬರುದು ಸಾರ್," ಅಂತ ಅವಳು ಯಜ್ಞೇಶ್ವರನ ಹತ್ತಿರ ಹೇಳಿದ್ದು ಒಂದು ಸಲವಲ್ಲ, ಇಪ್ಪತ್ತು ಸಲ. ಗೋಡೆಗೆ ಮಣ್ಣು ತುಳಿದದ್ದು ಅವಳೇ. ನೀರು ಹೊತ್ತದ್ದು ಅವಳೇ. ಕಿಟಕಿ ಎಲ್ಲಿ ಬೇಕು ಅಂತ ಮೇಸ್ತ್ರಿಯ ಹತ್ತಿರ ಜಗಳ ಮಾಡಿದ್ದೂ ಅವಳೇ, ಮಗಳು ಮಲಗುವಲ್ಲಿಗೆ ಗಾಳಿ ಬರಬೇಕಂತೆ.

ಮಾರ್ಚ್ ಮೂರನೇ ವಾರ ಯಜ್ಞೇಶ್ವರ ಗುಡ್ಡೆ ಹತ್ತಿ ನೋಡಿದ. ಒಂಬತ್ತು ಮನೆ ಮುಗಿದಿತ್ತು. ಮೂರು ಮನೆಗೆ ಗೋಡೆ ಉಂಟು, ಮೇಲೆ ಮಾಡು, ಅಂದರೆ ಸೂರು, ಇಲ್ಲ. ಮಾಡಿಗೆ ಬೇಕಾದ ಪಕ್ಕಾಸು, ರೀಪಿನ ಮರ, ಹಂಚು ಯಾವುದೂ ಬಂದಿಲ್ಲ. ಆ ಮೂರರಲ್ಲಿ ವತ್ಸಮ್ಮನದ್ದೂ ಒಂದು.

"ಅಪೂರ್ಣ ಅಂತ ಬರೆದ್ರೆ ಆ ಮೂರು ಮನೆಯ ಕೊನೇ ಕಂತು ವಾಪಸು ಹೋಗ್ತದೆ," ಅಂದರು ಆಗಿನ ಸಾಹೇಬರು. ಅವರಿಗೆ ವರ್ಗದ ಆರ್ಡರು ಬಂದಾಗಿತ್ತು, ಮನಸ್ಸೆಲ್ಲ ಸಾಮಾನು ಕಟ್ಟುವುದರಲ್ಲಿ. "ದಿಲ್ಲಿಗೆ ಹೋದದ್ದು ಮತ್ತೆ ಈ ಗುಡ್ಡೆ ಹತ್ತುದಿಲ್ಲ. ಎಂತ ಮಾಡುದು ನೀವೇ ನೋಡಿ."

ಯಜ್ಞೇಶ್ವರ ನೋಡಿದ. ದಾರಿ ಒಂದೇ. ಹನ್ನೆರಡೂ ಪೂರ್ಣ ಅಂತ ವರದಿ ಬರೆಯುವುದು, ಕೊನೇ ಕಂತು ತೆಗೆಸಿ ಆಫೀಸಿನಲ್ಲಿ ಇಟ್ಟುಕೊಳ್ಳುವುದು, ಏಪ್ರಿಲಿನಲ್ಲಿ ಹಂಚು ತರಿಸಿ ಮಳೆಗೆ ಮೊದಲು ಹೊದೆಸುವುದು. ಆಗ ಸುಳ್ಳು ಎಷ್ಟು ದಿನದ್ದಾಯಿತು? ಒಂದು ತಿಂಗಳದ್ದು. ಅದರಲ್ಲಿ ಅವನಿಗೆ ಒಂದು ಪೈಸೆ ಇಲ್ಲ, ದೇವರಾಣೆ ಇಲ್ಲ. ಎಲ್ಲ ಕಡೆ ಹೀಗೇ ಮಾಡುದು ಅಂತ ಹಳೇ ಗುಮಾಸ್ತರು ಹೇಳಿದ್ದೂ ಉಂಟು.

ಆದರೆ ಪೂರ್ಣ ಅಂತ ಬರೆದರೆ ಸಾಲದು, ಫೋಟೋ ಬೇಕು. ಮನೆಯ ಮುಂದೆ ಮನೆಯವರು ನಿಂತ ಫೋಟೋ, ಬಾಗಿಲ ಮೇಲೆ ನಂಬರು ಕಾಣಬೇಕು. ಫೋಟೋದ ಹಕೀಮ್ ಸುಳ್ಯದಿಂದ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಬಂದ. ಮುಗಿದ ಮನೆಗಳಲ್ಲಿ ಚಂದದ್ದು ಅಲಿ ಕುಂಞಿಯದ್ದು, ನಂಬರು ನಾಲ್ಕು. ಯಜ್ಞೇಶ್ವರ ಬಾಗಿಲ ಮೇಲಿನ ನಾಲ್ಕನ್ನು ಒರೆಸಿ ಸುಣ್ಣದಲ್ಲಿ ಹತ್ತು ಬರೆದ, ಹತ್ತನೆಯವರು ನಿಂತರು. ಅದನ್ನು ಒರೆಸಿ ಹನ್ನೊಂದು ಬರೆದ. ಆಮೇಲೆ ಹನ್ನೆರಡು.

"ನನ್ನ ಮನೆಗೆ ಈಗ ನಾಲ್ಕು ಜನ ಯಜಮಾನರು," ಅಂತ ಅಲಿ ಕುಂಞಿ ಬೀಡಿ ಹಚ್ಚಿಕೊಂಡು ನಗಾಡಿದ. "ಬಾಡಿಗೆ ಯಾರ ಹತ್ರ ಕೇಳುದು ಮಾರಾಯ್ರೆ?"

ವತ್ಸಮ್ಮ ಮಾತ್ರ ನಗಲಿಲ್ಲ. "ಇದು ಬೇರೆಯವರ ಮನೆ ಅಲ್ವಾ ಸಾರ್? ನಾನು ಹೇಗೆ ನಿಲ್ಲುದು?"

"ನಿಮ್ಮ ಹಂಚಿಗೋಸ್ಕರ ವತ್ಸಮ್ಮ. ಮೇಲಿನವರಿಗೆ ಒಂದು ಫೋಟೋ ಬೇಕು, ಅಷ್ಟೇ. ಒಂದು ತಿಂಗಳಲ್ಲಿ ನಿಮ್ಮದೂ ಹೀಗೇ ಆಗ್ತದೆ. ನಾನಿಲ್ವಾ?"

ಅವಳು ಅವನ ಮುಖವನ್ನೇ ಒಂದು ಸಲ ನೋಡಿ, ಸೆರಗು ಸರಿ ಮಾಡಿಕೊಂಡು ಹೋಗಿ ನಿಂತಳು.

ಏಪ್ರಿಲಿನಲ್ಲಿ ಹಂಚಿನ ಮೊದಲ ಲಾರಿ ಬಂತು. ಎರಡು ಮನೆಗೆ ಸಾಕಾಗುವಷ್ಟು ಮಾತ್ರ ಇತ್ತು. ಹತ್ತನೇ ಮನೆಯಲ್ಲಿ ಹಾಲು ಕುಡಿಯುವ ಮಗು, ಹನ್ನೊಂದನೇ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕ. ಯಜ್ಞೇಶ್ವರ ಬಿಸಿಲಲ್ಲಿ ನಿಂತು ಯೋಚನೆ ಮಾಡಿದ. ವತ್ಸಮ್ಮ ಒಬ್ಬಳೇ, ಮಗಳು ಹೇಗೂ ಹಾಸ್ಟೆಲಿನಲ್ಲಿ ಬೆಚ್ಚಗೆ ಉಂಟು.

"ಒಂದು ವಾರ ತಡೀರಿ ವತ್ಸಮ್ಮ. ಮೊದಲು ಅವರದ್ದು ಆಗಿಬಿಡ್ಲಿ."

"ಆಗ್ಲಿ ಸಾರ್, ಪಾಪ, ಅವರಿಗೆ ಮಗು ಉಂಟಲ್ಲ," ಅಂದಳು ವತ್ಸಮ್ಮ. ಅಂದು ಸುಮ್ಮನೆ ಕೂರಲಿಲ್ಲ, ಆ ಎರಡು ಮನೆಗೂ ಹಂಚು ಹೊತ್ತಳು.

ಆ ಒಂದು ವಾರದಲ್ಲಿ ಹೊಸ ಸಾಹೇಬರು ಬಂದರು. ಘಟ್ಟದ ಮೇಲಿನವರು, ಕೈ ಶುದ್ಧ, ಬಾಯಿ ಕಟು. ಬಂದ ಮೂರನೇ ದಿನ ಕಡತ ತೆಗೆದರು. ಹನ್ನೆರಡು ಮನೆ ಪೂರ್ಣ, ಹನ್ನೆರಡು ಫೋಟೋ ಉಂಟು, ಮತ್ತೆ ಆಫೀಸಿನಲ್ಲಿ ಈ ದುಡ್ಡು ಯಾಕೆ ಉಳಿದಿದೆ? ಉಳಿದದ್ದು ಉಳಿತಾಯ. ಉಳಿತಾಯವನ್ನು ಅವರು ಅವತ್ತೇ ಖಜಾನೆಗೆ ವಾಪಸು ಕಟ್ಟಿಸಿದರು. ಯಜ್ಞೇಶ್ವರ ಊಟಕ್ಕೆ ಹೋಗಿ ಬರುವಷ್ಟರಲ್ಲಿ ವತ್ಸಮ್ಮನ ಮಾಡು ಚಲನ್ ಆಗಿ ಹೋಗಿತ್ತು. ದುಡ್ಡು ಉಳಿಸಿದ ಆಫೀಸು ಅಂತ ಮೇಲಿನಿಂದ ಒಂದು ಮೆಚ್ಚುಗೆ ಪತ್ರವೂ ಬಂತು. ಅದನ್ನು ನೋಟೀಸು ಬೋರ್ಡಿಗೆ ಅಂಟಿಸಲಿಕ್ಕೆ ಸಾಹೇಬರು ಹೇಳಿದ್ದು ಯಜ್ಞೇಶ್ವರನಿಗೇ.

ಆಗಲೇ ಬಾಯಿ ಬಿಡಬಹುದಿತ್ತಲ್ಲ? ಬಿಡಲಿಲ್ಲ. ಹೆಂಡತಿ ಪರಮೇಶ್ವರಿಗೆ ಏಳು ತಿಂಗಳು. ಸುಳ್ಳು ವರದಿ ಅಂದರೆ ಸಸ್ಪೆಂಡು, ಅದರಲ್ಲಿ ಎರಡು ಮಾತಿಲ್ಲ. ಇನ್ನೊಂದು ದಾರಿ ಹುಡುಕುವ, ಮಳೆಗಾಲಕ್ಕೆ ಇನ್ನೂ ದಿನ ಉಂಟು ಅಂತ ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ವತ್ಸಮ್ಮ ವಾರಕ್ಕೊಮ್ಮೆ ಬಂದು ಆಫೀಸಿನ ಮೆಟ್ಟಿಲ ಹತ್ತಿರ ನಿಲ್ಲುತ್ತಿದ್ದಳು. ಅವನು "ಬರ್ತದೆ, ಬರ್ತದೆ" ಅನ್ನುತ್ತಿದ್ದ.

ಜೂನ್ ಬಂತು, ಶಾಲೆ ಶುರುವಾಯಿತು. ಹಾಸ್ಟೆಲಿಗೆ ಪ್ರತಿ ವರ್ಷ ಒಂದು ದಾಖಲೆ ಕೊಡಬೇಕು, ಈ ಮಗುವಿನ ತಾಯಿಗೆ ವಾಸಕ್ಕೆ ಮನೆ ಇಲ್ಲ ಅಂತ. ಆ ದಾಖಲೆ ಇದೇ ಆಫೀಸಿನಿಂದ ಹೋಗಬೇಕು. ವತ್ಸಮ್ಮ ಕೊಡೆ ಮಡಚಿ ಒಳಗೆ ಬಂದಳು.

"ಹಂಚು ಯಾವಾಗ ಬೇಕಾದ್ರೂ ಬರ್ಲಿ ಸಾರ್, ತೊಂದ್ರೆ ಇಲ್ಲ. ಇದೊಂದು ಕಾಗದ ಕೊಡಿ. ಸಿಸ್ಟರು ಸೋಮವಾರದೊಳಗೆ ಕೇಳಿದ್ದಾರೆ. ಇಲ್ಲದಿದ್ರೆ ಆ ಜಾಗ ಬೇರೆ ಮಗುವಿಗೆ."

ಯಜ್ಞೇಶ್ವರ ತನ್ನ ಚಂದದ ಅಕ್ಷರದಲ್ಲಿ ಬರೆದ. 'ವತ್ಸಮ್ಮ ಎಂಬವರಿಗೆ ವಾಸಯೋಗ್ಯ ಮನೆ ಇರುವುದಿಲ್ಲ.' ಆ ವರ್ಷ ಅವನು ಬರೆದ ಕಾಗದಗಳಲ್ಲಿ ಅದರಷ್ಟು ಸತ್ಯವಾದದ್ದು ಇನ್ನೊಂದು ಇರಲಿಲ್ಲ. ಸಹಿಗೆ ಒಳಗೆ ಹೋಯಿತು. ಐದು ನಿಮಿಷದಲ್ಲಿ ಕರೆ ಬಂತು.

ಸಾಹೇಬರ ಮೇಜಿನ ಮೇಲೆ ಎರಡು ಕಾಗದ ಇತ್ತು. "ಯಜ್ಞೇಶ್ವರ್, ಇದರಲ್ಲಿ ಈ ಹೆಂಗಸಿಗೆ ಮನೆ ಇಲ್ಲ ಅಂತಿದೆ. ಅದರಲ್ಲಿ ಮನೆ ಪೂರ್ಣ ಅಂತಿದೆ, ಫೋಟೋ ಬೇರೆ ಇದೆ. ಎರಡೂ ನಿಮ್ಮ ಕೈಬರಹವೇ. ಯಾವುದ್ರೀ ಸುಳ್ಳು?"

ಅರ್ಧ ಬಾಗಿಲಿನ ಆಚೆ ವತ್ಸಮ್ಮನ ಕಾಲು ಕಾಣುತ್ತಿತ್ತು. ಚಪ್ಪಲಿ ಮೆಟ್ಟಿಲಲ್ಲೇ ಬಿಟ್ಟು ಬಂದಿದ್ದಳು. ಒಂದು ಮಾತು ಸಾಕಿತ್ತು ಮಾರಾಯ್ರೆ, ಒಂದೇ ಒಂದು ಮಾತು. ಹಳೇ ವರದಿಯ ಕಡೆ ಬೆರಳು ತೋರಿಸಿದ್ದರೂ ಸಾಕಿತ್ತು.

"ಇದು ಸರ್," ಅಂದ ಅವನು ಹೊರಗೆ ಕೇಳದ ಹಾಗೆ, ಹೊಸ ಕಾಗದ ಎತ್ತಿಕೊಂಡು. "ಇದು ತಪ್ಪು. ಗಡಿಬಿಡಿಯಲ್ಲಿ ಹಳೇ ಮಾದರಿ ನೋಡಿ ಬರೆದುಬಿಟ್ಟೆ."

ಅಲ್ಲೇ ಹರಿದ. ಹೊರಗೆ ಬಂದು ವತ್ಸಮ್ಮನಿಗೆ, "ಸಾಹೇಬ್ರು ಸಹಿ ಹಾಕುದಿಲ್ಲ ಅಂದ್ರು," ಅಂತ ಹೇಳಿದ. ಅವಳು ಬಾಗಿಲ ಕಡೆ ನೋಡಿ, ಸ್ವರ ತಗ್ಗಿಸಿ, "ನೀವು ಬೈಸಿಕೊಂಡ್ರಾ ಸಾರ್ ನನ್ನಿಂದಾಗಿ?" ಅಂತ ಕೇಳಿದಳು.

ಸೋಮವಾರ ಲಾಲಿ ಒಂದು ತಗಡಿನ ಪೆಟ್ಟಿಗೆ ಹಿಡಿದುಕೊಂಡು ಹಾಸ್ಟೆಲಿನಿಂದ ಹೊರಬಂತು. ಮಾಡು ಇಲ್ಲದ ಗೋಡೆಗಳ ನಡುವೆ ತಾಯಿ ಮಗಳು ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಒಂಬತ್ತು ದಿನ ಕಳೆದರು. ಹತ್ತನೇ ದಿನ ಬೆಳಿಗ್ಗೆ ವತ್ಸಮ್ಮ ಅನ್ನ ಬಸಿಯುತ್ತಿದ್ದಾಗ ಪಡುವಣ ಗೋಡೆ ನೆನೆದು ಕುಸಿಯಿತು. ಮಗು ಆಚೆ ಬದಿಯಲ್ಲಿತ್ತು, ಏನೂ ಆಗಲಿಲ್ಲ. ಆದರೆ ತಾಯಿಯ ಧೈರ್ಯ ಮಾತ್ರ ಆ ಗೋಡೆಯೊಟ್ಟಿಗೇ ಹೋಯಿತು. ಕೋಟ್ಟಯದ ಕಡೆಯಿದ್ದ ಚಾಂಡಿಯ ಅಕ್ಕ ಏಲಿಯಮ್ಮನಿಗೆ ಕಾಗದ ಬರೆಸಿದಳು. ಮಕ್ಕಳಿಲ್ಲದ ಹೆಂಗಸು, ಓಡಿ ಬಂದಳು.

"ಮಳೆಗಾಲ ಮುಗಿಯುವವರೆಗೆ ಅತ್ತಿಗೆ," ಅಂದಳು ವತ್ಸಮ್ಮ. "ಹಂಚು ಹಾಕಿದ ಕೂಡ್ಲೆ ನಾನೇ ಬಂದು ಕರ್ಕೊಂಡು ಹೋಗ್ತೇನೆ."

ಕಡಬದ ಬಸ್‌ಸ್ಟ್ಯಾಂಡಿನಲ್ಲಿ ಮಗು ತಾಯಿಯ ಸೀರೆ ಹಿಡಿದದ್ದು ಬಿಡಲಿಲ್ಲವಂತೆ. ಬೆರಳು ಒಂದೊಂದೇ ಬಿಡಿಸಬೇಕಾಯಿತಂತೆ. ಇದನ್ನು ಯಜ್ಞೇಶ್ವರನಿಗೆ ಹೇಳಿದ್ದು ಅಲಿ ಕುಂಞಿ, ಈ ಸಲ ನಗಾಡದೆ. ಅವತ್ತು ಯಜ್ಞೇಶ್ವರ ಮನೆಗೆ ಹೋಗಿ ಊಟ ಬೇಡ ಅಂತ ಮಲಗಿದ.

ಮಳೆಗಾಲ ಮುಗಿಯಿತು. ಒಂದಲ್ಲ, ನಾಲ್ಕು ಮುಗಿಯಿತು. ಪಟ್ಟಿಯಲ್ಲಿ ಪೂರ್ಣಗೊಂಡ ಮನೆಗೆ ಎರಡನೇ ಸಲ ಅನುದಾನ ಎಲ್ಲಿಂದ ಬರಬೇಕು? ಯಜ್ಞೇಶ್ವರನಿಗೆ ಬೇರೆ ಕಡೆ ವರ್ಗವಾಯಿತು. ಹೆಣ್ಣು ಮಗು ಹುಟ್ಟಿತ್ತು, ಅಪ್ಪಾ ಅಂತ ಕರೆಯಲಿಕ್ಕೆ ಶುರು ಮಾಡಿತು. ಒಂದು ದಿನ ಬೆಳಿಗ್ಗೆ ಪರಮೇಶ್ವರಿ ಜಡೆ ಹಾಕಲಿಕ್ಕೆ ಮಗುವನ್ನು ಮುಂದೆ ಕೂರಿಸಿಕೊಂಡಿದ್ದಳು. ಅದನ್ನು ನೋಡುತ್ತಾ ನಿಂತವನಿಗೆ ತಡೆಯಲಿಕ್ಕೆ ಆಗಲಿಲ್ಲ, ಹಿತ್ತಲಿಗೆ ಹೋಗಿ ಅತ್ತ. ಮರುವಾರವೇ ಭವಿಷ್ಯನಿಧಿಯಿಂದ ಸಾಲ ತೆಗೆದ. ಕಾರಣದ ಜಾಗದಲ್ಲಿ 'ಸ್ವಂತ ಮನೆಯ ಮಾಡಿನ ದುರಸ್ತಿ' ಅಂತ ಬರೆದ. ಗುಡ್ಡೆಯಲ್ಲಿ ವತ್ಸಮ್ಮನ ಗೋಡೆ ಮತ್ತೆ ಎದ್ದಿತು, ಪಕ್ಕಾಸು ಏರಿತು, ಅಲಿ ಕುಂಞಿ ಕೂಲಿ ತೆಗೆದುಕೊಳ್ಳದೆ ಹಂಚು ಹೊದೆಸಿದ. ವತ್ಸಮ್ಮನಿಗೆ ಇದು ಸರಕಾರದಿಂದಲೇ ಬಂದದ್ದು, ಸಾರ್ ಬೆನ್ನು ಬಿದ್ದು ತರಿಸಿದ್ದು ಅಂತ ನಂಬಿಕೆ. ಅಲ್ಲ ಅಂತ ಹೇಳಲಿಕ್ಕೆ ಹೋದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು.

ಎಂಬತ್ತೇಳರ ಫೆಬ್ರವರಿಯಲ್ಲಿ ಮನೆ ಆಶೀರ್ವಾದ. ಇಗರ್ಜಿಯ ಪಾದ್ರಿ ಅಚ್ಚನ್ ಬಂದು ತೀರ್ಥ ಚಿಮುಕಿಸಿದರು. ವತ್ಸಮ್ಮ ಯಜ್ಞೇಶ್ವರನನ್ನು ಅವರ ಮುಂದೆ ಎಳೆದುಕೊಂಡು ಬಂದು, "ಅಚ್ಚಾ, ಇವರಿಲ್ಲದಿದ್ರೆ ನನಗೆ ಮನೆಯೇ ಇಲ್ಲ. ಇವರಿಗಾಗಿ ಒಂದು ಪ್ರಾರ್ಥನೆ ಮಾಡಿ," ಅಂದಳು. ಅಚ್ಚನ್ ಮಾಡಿದರು. ಯಜ್ಞೇಶ್ವರ ತಲೆ ಬಗ್ಗಿಸಿ ನಿಂತ. ಅವನಿಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು.

ಕೋಟ್ಟಯದಿಂದ ಏಲಿಯಮ್ಮ ಬಂದಿದ್ದಳು. ಲಾಲಿಯೂ ಬಂದಿತ್ತು. ಹತ್ತು ವರ್ಷದ ಹುಡುಗಿ, ಇಸ್ತ್ರಿ ಹಾಕಿದ ಫ್ರಾಕು, ಕಾಲಿಗೆ ಶೂಸು, ಕಿವಿಯವರೆಗೆ ಕತ್ತರಿಸಿದ ಕೂದಲು. ಹೊಸ ಬೆಂಚಿನ ತುದಿಯಲ್ಲಿ ಶೂಸು ಬಿಚ್ಚದೆ ಕೂತಿತ್ತು. ವತ್ಸಮ್ಮ ಒಳಗಿಂದ ಹೊರಗೆ, ಹೊರಗಿಂದ ಒಳಗೆ ಓಡಾಡುತ್ತಿದ್ದಳು. ಕಿಟಕಿ ತೋರಿಸಿದಳು, ಚಾಪೆ ತೋರಿಸಿದಳು, "ಇಲ್ಲಿ ನಿನ್ನ ಪುಸ್ತಕ ಇಡ್ಲಿಕ್ಕೆ ಹಲಗೆ ಹೊಡೆಸಿದ್ದೇನೆ ಮೋಳೆ, ನೋಡು," ಅಂತ ಕನ್ನಡದಲ್ಲಿ ಹೇಳಿ, ಹುಡುಗಿಗೆ ಅರ್ಥವಾಗಲಿಲ್ಲ ಅಂತ ಕಂಡು ಅದನ್ನೇ ಮಲಯಾಳದಲ್ಲಿ ಹೇಳಿದಳು. ಹುಡುಗಿ ಮರ್ಯಾದೆಯಿಂದ ತಲೆಯಾಡಿಸಿತು, ದೊಡ್ಡವರ ಮನೆಗೆ ಹೋದಾಗ ಮಕ್ಕಳು ಮಾಡುವ ಹಾಗೆ. ಏಲಿಯಮ್ಮ ಕೆಟ್ಟವಳಲ್ಲ. ಅವಳು ನಾಲ್ಕು ಸಲ, "ಹೋಗು, ಅಮ್ಮನ ಹತ್ತಿರ ಕೂರು," ಅಂತ ಮಗುವನ್ನು ಮೆಲ್ಲನೆ ದೂಡಿದಳು. ಅದು ಹೋಗಿ ಕೂತು ಎರಡು ನಿಮಿಷದಲ್ಲಿ ಮತ್ತೆ ಏಲಿಯಮ್ಮನ ಮಗ್ಗುಲಿಗೇ ಬಂತು.

ಬಂದವರೆಲ್ಲ ಹೋದರು. ವತ್ಸಮ್ಮ ಯಜ್ಞೇಶ್ವರನಿಗೆ ಅಂತಲೇ ಮೀನು ಮುಟ್ಟದ ಬೇರೆ ಬಾಣಲೆಯಲ್ಲಿ ತೆಂಗಿನೆಣ್ಣೆ ಹಾಕಿ ಕರಿದ ಬಾಳೆಕಾಯಿ ಚಿಪ್ಸು, ಎರಡು ಕದಳಿ ಹಣ್ಣು, ಕಪ್ಪು ಚಾ ತಂದಳು. ಆಗ ಹುಡುಗಿ ಏಲಿಯಮ್ಮನ ತೋಳಿಗೆ ಒರಗಿ, ಎಲ್ಲರಿಗೂ ಕೇಳುವಷ್ಟು ಜೋರಾಗಿ, ಮಲಯಾಳದಲ್ಲಿ ಕೇಳಿತು.

"ಅಮ್ಮಚ್ಚೀ, ನಾವು ಮನೆಗೆ ಹೋಗುದು ಯಾವಾಗ?"

ಯಜ್ಞೇಶ್ವರನಿಗೆ ಅಷ್ಟು ಮಲಯಾಳ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು. ಏಲಿಯಮ್ಮ ಮಗುವಿನ ಬಾಯಿಗೆ ಕೈ ಅಡ್ಡ ಹಿಡಿದು ವತ್ಸಮ್ಮನ ಮುಖ ನೋಡಿದಳು.

ವತ್ಸಮ್ಮ ಚಾದ ಲೋಟ ಕೆಳಗಿಟ್ಟಳು. ಹುಡುಗಿಯ ಎದುರು ಕುಕ್ಕರಗಾಲಲ್ಲಿ ಕೂತು, ಅದರ ಕತ್ತರಿಸಿದ ಕೂದಲನ್ನು ಕಿವಿಯ ಹಿಂದೆ ಸರಿಸಿದಳು.

"ನಾಳೆ ಮೋಳೆ," ಅಂದಳು. "ಬೆಳಿಗ್ಗೆ ಏಳೂವರೆಗೆ ಬಸ್ಸುಂಟು."

ಆಮೇಲೆ ಎದ್ದು, ಸೆರಗಿನಲ್ಲಿ ಕೈ ಒರೆಸಿಕೊಂಡು, ಯಜ್ಞೇಶ್ವರನ ಕಡೆ ತಿರುಗಿದಳು.

"ಎಂತ ಸಾರ್, ನೀವು ಒಂದೂ ತಿನ್ನಲಿಲ್ಲ? ತಿನ್ನಿ. ನಿಮಗೇ ಅಂತ ಮಾಡಿದ್ದು."

ಅವಳು ಅಲ್ಲೇ ನಿಂತು ನೋಡುತ್ತಿದ್ದಳು. ಯಜ್ಞೇಶ್ವರ ಒಂದು ಚಿಪ್ಸು ಬಾಯಿಗೆ ಹಾಕಿಕೊಂಡ, ಮತ್ತೆ ಇನ್ನೊಂದು, ತಟ್ಟೆ ಖಾಲಿಯಾಗುವವರೆಗೆ.